ಸರ್ವರ್ ಮರೆಯಬೇಕಾದ ಮಾಹಿತಿ

ನೀವು ಒಂದು ಪುಟ ತೆರೆದಾಗ ಬ್ರೌಸರ್‌ನಿಂದ ಸರ್ವರ್‌ಗೆ ಒಂದು ರಿಕ್ವೆಸ್ಟ್ ಹೋಗುತ್ತೆ. ಉತ್ತರ ಸಿದ್ಧವಾಗುವಷ್ಟು ಹೊತ್ತು ನೀವು ಯಾರು, ನಿಮಗೇನು ಅನುಮತಿ ಇದೆ ಅನ್ನೋದನ್ನು ಸರ್ವರ್ ಎಲ್ಲಾದರೂ ಇಟ್ಟುಕೊಳ್ಳಬೇಕು. ಪೈಥಾನ್‌ನ ಫ್ಲಾಸ್ಕ್‌ನಲ್ಲಿ ಆ ಜಾಗದ ಹೆಸರು ಬರೀ ‘ಜಿ’. ಉತ್ತರ ಹೋದ ಕೂಡಲೇ ಅದು ಖಾಲಿ. ಸೆಷನ್ ಹಾಗಲ್ಲ, ಮುಂದಿನ ಕ್ಲಿಕ್‌ಗೂ ಉಳಿಯುತ್ತೆ.

ಇದು ಪ್ರೋಗ್ರಾಮರ್‌ಗಳ ತಲೆನೋವು ಮಾತ್ರ ಅಂತ ನನಗನ್ನಿಸಲ್ಲ. ಸರ್ವರ್‌ನ ಒಂದೇ ಥ್ರೆಡ್ ನಿಮ್ಮ ಕೆಲಸ ಮುಗಿಸಿ ಇನ್ನೊಬ್ಬರದ್ದು ಹಿಡಿಯುತ್ತೆ, ದರ್ಶಿನಿಯ ಕಾಫಿ ಲೋಟದ ಹಾಗೆ. ತೊಳೆಯದಿದ್ದರೆ ನಿಮ್ಮ ಮಾಹಿತಿ ಮುಂದಿನವರಿಗೆ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿ ಆದದ್ದೂ ಇದೇ ಜಾತಿಯದು: ನಡುವೆ ರದ್ದಾದ ರಿಕ್ವೆಸ್ಟ್‌ನ ಉತ್ತರ ಎಲ್ಲರೂ ಬಳಸುವ ಕನೆಕ್ಷನ್‌ನಲ್ಲಿ ಉಳಿದುಹೋಯ್ತು, ಕೆಲವರಿಗೆ ಬೇರೆಯವರ ಚಾಟ್ ಶೀರ್ಷಿಕೆಗಳು ಕಂಡವು.

ಇನ್ನು ಲಾಗ್ ಫೈಲ್. ‘ಜಿ’ಯಲ್ಲೇ ಮುಗಿಯಬೇಕಿದ್ದ ಆಧಾರ್ ಸಂಖ್ಯೆಯನ್ನು ಯಾರೋ ಲಾಗ್‌ಗೆ ಬರೆಸಿದರೆ ಅದು ವರ್ಷಗಟ್ಟಲೆ ಕೂತಿರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 8(7), ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಿ ಅನ್ನುತ್ತೆ. ನಮ್ಮ ಬಗ್ಗೆ ಅತಿ ಹೆಚ್ಚು ಮಾಹಿತಿ ಇಟ್ಟುಕೊಂಡಿರೋ ಸರ್ಕಾರಕ್ಕೆ ಮಾತ್ರ ಸೆಕ್ಷನ್ 17(4) ಈ ಹೊಣೆಯಿಂದ ವಿನಾಯಿತಿ ಕೊಟ್ಟಿದೆ.