ಅಂಬುತೀರ್ಥದಿಂದ ಕಾಸರಕೋಡಿಗೆ: ಬರೆದಿಡದೆ ಹೋದ ಒಂದು ತಾರೀಖು



ಊರಿನ ಹೆಸರು ಸಾಗರ, ಆದರೆ ಕಣ್ಣಿಗೆ ಕಾಣುವುದು ಅಡಿಕೆ ತೋಟ ಮಾತ್ರ ಎಂದು ಭೂಗೋಳದ ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಂಥ ಮಲೆನಾಡಿನ ಮೇಷ್ಟರು ಈಗ ಕಡಲಾಮೆಯ ವಿಷಯ ಬರೆಯಲು ಹೊರಟಿದ್ದಾರಲ್ಲ ಎಂದು ನಗಬೇಡಿ. ನಮ್ಮ ಮನೆಯಂಗಳಕ್ಕೂ ಕಡಲಿಗೂ ನಡುವೆ ಶರಾವತಿ ಇದ್ದಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಂಗಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಮೂಲಕ ಹೊನ್ನಾವರದಲ್ಲಿ ಆಕೆ ಸಮುದ್ರವನ್ನು ಸೇರುತ್ತಾಳೆ. ಅಲ್ಲಿ, ನದಿಯ ದಕ್ಷಿಣ ದಡದಲ್ಲಿರುವುದೇ ಕಾಸರಕೋಡ. ಅದರ ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ.

1980ರ ದಶಕದಲ್ಲಿ ಒಮ್ಮೆ ಶಾಲಾ ಪ್ರವಾಸದ ನಿಮಿತ್ತ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಬೆಳಗಿನ ಜಾವ ಮರಳಿನ ಮೇಲೆ ಎತ್ತಿನಗಾಡಿ ಎಳೆದಂಥ ಗುರುತೊಂದು ನೀರಿನಿಂದ ಮೇಲಕ್ಕೆ ಹೋಗಿ ಮತ್ತೆ ನೀರಿಗೇ ಮರಳಿತ್ತು. ವೃದ್ಧ ಮೀನುಗಾರರೊಬ್ಬರು ಆ ಗುರುತಿನ ತುದಿಯಲ್ಲಿ ಕೈಯಿಂದ ಮರಳು ಸರಿಸಿ, ಪಿಂಗ್‌ಪಾಂಗ್ ಚೆಂಡಿನಂಥ ಬಿಳಿಯ ಮೊಟ್ಟೆಯೊಂದನ್ನು ನಮ್ಮ ಹುಡುಗನ ಅಂಗೈಯಲ್ಲಿಟ್ಟರು. ಅನಂತರ ಅದನ್ನು ಅಲ್ಲಿಯೇ ಇರಿಸಿ ಮುಚ್ಚಿದರು. "ಒಳಗೆ ಎಷ್ಟಿವೆ?" ಎಂದು ಮಕ್ಕಳು ಕೇಳಿದರು. "ನೂರರ ಮೇಲೆ" ಎಂದರು ಅವರು. "ವರ್ಷಕ್ಕೆ ಎಷ್ಟು ಆಮೆಗಳು ಬರುತ್ತವೆ?" ಎಂಬ ಪ್ರಶ್ನೆಗೆ "ಬರ್ತಾವೆ" ಎಂದಷ್ಟೇ ಉತ್ತರ. ನಾವು ಸಂತೋಷಪಟ್ಟು, ಅವಲಕ್ಕಿ ತಿಂದು, ಬಸ್ಸು ಹತ್ತಿದೆವು.

ಈ ಘಟನೆಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು, ನಮ್ಮ ದೇಶದಲ್ಲಿ ಕಡಲಾಮೆಗಳ ಲೆಕ್ಕ ಹೇಗೆ ಆರಂಭವಾಯಿತೆಂಬುದನ್ನು ಹೇಳಬೇಕು. ಆ ಚರಿತ್ರೆಗೂ ತೀರ್ಥಹಳ್ಳಿ ತಾಲ್ಲೂಕಿಗೂ ಒಂದು ನಂಟಿದೆ. ಆಗುಂಬೆಯಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ, ಕಾಳಿಂಗ ಸರ್ಪಗಳಿಗೆ ರೇಡಿಯೋ ಅಳವಡಿಸಿ ಅಧ್ಯಯನ ನಡೆಸಲು ಕಾರಣರಾದ ರೋಮುಲಸ್ ವಿಟೇಕರ್ ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಇದೇ ವಿಟೇಕರ್ 1970ರ ದಶಕದ ಆರಂಭದಲ್ಲಿ ಮದರಾಸಿನ ಹಾವಿನ ಉದ್ಯಾನದ ಗೆಳೆಯರೊಡನೆ ರಾತ್ರಿಯಿಡೀ ಕಡಲತೀರದಲ್ಲಿ ನಡೆದು ಆಮೆಯ ಗೂಡುಗಳನ್ನು ಹುಡುಕುತ್ತಿದ್ದರು. ಅವರ ಸಂಗಡಿಗರಲ್ಲಿ ಸತೀಶ್ ಭಾಸ್ಕರ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯಿದ್ದರು. ಓದನ್ನು ಬದಿಗಿಟ್ಟು ಅವರು ಭಾರತದ ಕರಾವಳಿಯನ್ನೂ ದ್ವೀಪಗಳನ್ನೂ ಕಾಲ್ನಡಿಗೆಯಲ್ಲಿಯೇ ಅಳೆದರು. ಒಟ್ಟು 4,000 ಕಿ.ಮೀ.ಗೂ ಮಿಕ್ಕಿದ ನಡಿಗೆ ಅದು. 1982ರ ಮಳೆಗಾಲವನ್ನು ಲಕ್ಷದ್ವೀಪದ ಸುಹೇಲಿ ಸಮೂಹದ ನಿರ್ಜನ ದ್ವೀಪವೊಂದರಲ್ಲಿ ಒಬ್ಬರೇ ಕಳೆದರು. ಹಸಿರು ಆಮೆಗಳು ಅಲ್ಲಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ, ಆ ಕಾಲದಲ್ಲಿ ದೋಣಿಯ ಸಂಚಾರವಿಲ್ಲ. ಹೆಂಡತಿಗೆ ಪತ್ರ ಬರೆದು ಸೀಸೆಯಲ್ಲಿಟ್ಟು ಕಡಲಿಗೆ ಎಸೆದರಂತೆ; ಅದು ಶ್ರೀಲಂಕೆಯ ಮೀನುಗಾರನೊಬ್ಬನ ಕೈಗೆ ಸಿಕ್ಕಿ, ಆತ ಅದನ್ನು ಅಂಚೆಯ ಮೂಲಕ ತಲುಪಿಸಿದ. 2023ರಲ್ಲಿ ಅವರು ತೀರಿಕೊಂಡರು. ಆ ಮನುಷ್ಯನ ಆಸ್ತಿಯೆಂದರೆ ಟಿಪ್ಪಣಿಗಳು: ಯಾವ ದಿನ, ಯಾವ ತೀರ, ಎಷ್ಟು ಜಾಡು, ಎಷ್ಟು ಗೂಡು.

ಪೂರ್ವ ಕರಾವಳಿಯಲ್ಲಿಯೂ ಅದೇ ದಶಕದಲ್ಲಿ ಕೆಲಸ ಸಾಗಿತ್ತು. ಒಡಿಶಾದ ಗಹಿರ್ಮಾಥಾದಲ್ಲಿ ಲಕ್ಷಾಂತರ ಆಮೆಗಳು ಒಟ್ಟಾಗಿ ಬಂದು ಮೊಟ್ಟೆಯಿಡುವ ಸಂಗತಿ 1974ರಲ್ಲಿ ವಿಜ್ಞಾನ ಲೋಕಕ್ಕೆ ತಿಳಿಯಿತು. ನಮ್ಮ ಕಡೆ ಅಂಥ ಜಾತ್ರೆಯಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಒಂದೊಂದೇ ಆಮೆ ಬಂದು ಹೋಗುತ್ತದೆ. ಎಣಿಸುವವನ ತಾಳ್ಮೆಗೆ ಇದೇ ಹೆಚ್ಚಿನ ಪರೀಕ್ಷೆ. 1999ರಲ್ಲಿ ಆರಂಭವಾದ ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆಯ ಜಂಟಿ ಯೋಜನೆಯಲ್ಲಿ ಕರ್ನಾಟಕದ ಕರಾವಳಿಯ ಸಮೀಕ್ಷೆಯೂ ನಡೆಯಿತು. ಕಾರ್ತಿಕ್ ಶಂಕರ್ ಮತ್ತು ಬಿ. ಸಿ. ಚೌಧರಿ ಸಂಪಾದಿಸಿದ, 2006ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನಮ್ಮ ಕರಾವಳಿಗೂ ಒಂದು ಅಧ್ಯಾಯವಿದೆ.

ಈ ಲೆಕ್ಕ ಬರೆಯುವ ಕ್ರಮ ಕಷ್ಟದ್ದೇನಲ್ಲ, ಶಿಸ್ತಿನದು. ಜಾಡಿನ ಅಗಲವನ್ನು ಅಳೆಯಬೇಕು. ಎಡ ಬಲ ಕಾಲುಗಳ ಗುರುತು ಒಂದರ ನಂತರ ಒಂದು ಬಿದ್ದಿದ್ದರೆ ಆಲಿವ್ ರಿಡ್ಲೆ, ಎರಡೂ ಜೊತೆಯಾಗಿ ಬಿದ್ದಿದ್ದರೆ ಹಸಿರು ಆಮೆ. ಗೂಡು ಉಬ್ಬರದ ಗೆರೆಯಿಂದ ಎಷ್ಟು ದೂರದಲ್ಲಿದೆ, ಮೊಟ್ಟೆಗಳೆಷ್ಟು, ಸುಮಾರು 45ರಿಂದ 60 ದಿನಗಳ ಬಳಿಕ ಹೊರಬಂದ ಮರಿಗಳೆಷ್ಟು, ಒಡೆಯದೆ ಉಳಿದವೆಷ್ಟು ಎಂಬುದನ್ನು ದಾಖಲಿಸಬೇಕು. ಮರಳಿನ ಶಾಖವೂ ಮುಖ್ಯ. ಶಾಖ ಹೆಚ್ಚಿದರೆ ಹೆಣ್ಣು ಮರಿಗಳು, ತಗ್ಗಿದರೆ ಗಂಡು ಮರಿಗಳು ಹೆಚ್ಚು. ದಡಕ್ಕೆ ಬಿದ್ದ ಸತ್ತ ಆಮೆ, ಡಾಲ್ಫಿನ್‌ಗಳ ಉದ್ದವನ್ನೂ ಬಲೆಯ ಗಾಯವನ್ನೂ ಬರೆದುಕೊಳ್ಳಬೇಕು. ಕಾಲಿಗೆ ಲೋಹದ ಬಿಲ್ಲೆ ತೊಡಿಸಿದ ಆಮೆ ಮತ್ತೆ ಸಿಕ್ಕರೆ ಅದೊಂದು ಹಬ್ಬ. 2021ರಲ್ಲಿ ಗಹಿರ್ಮಾಥಾದಲ್ಲಿ 03233 ಎಂಬ ಬಿಲ್ಲೆ ತೊಡಿಸಿದ್ದ ಹೆಣ್ಣಾಮೆಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆಯಿಟ್ಟಿತು. ಪೂರ್ವದ ಆಮೆ ಪಶ್ಚಿಮಕ್ಕೂ ಬರುತ್ತದೆಂಬುದು ಐದು ಅಂಕೆಗಳ ಒಂದು ಬಿಲ್ಲೆಯಿಂದ ಸಿದ್ಧವಾಯಿತು. ಆಕೆ ನಮ್ಮ ಶರಾವತಿಯ ಮುಖದ ಮುಂದೆಯೇ ಹಾದು ಹೋಗಿರಬೇಕೆಂದು ನೆನೆದು ನಾನು ಆ ದಿನ ಮಗುವಿನಂತೆ ಹಿಗ್ಗಿದೆ.

ಲೆಕ್ಕವಿಲ್ಲದಿದ್ದರೆ ಆಗುವ ನಷ್ಟವೇನು? ನಮ್ಮ ನದಿಯೇ ಇದಕ್ಕೆ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮುಳುಗಿದ ಊರು, ಮನೆ, ತೋಟಗಳ ಕಥೆ ನಮ್ಮ ಅನೇಕ ಕುಟುಂಬಗಳಿಗೆ ಗೊತ್ತು. ಆದರೆ ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರಿನಿಂದ ಹೊನ್ನಾವರದ ಅಳಿವೆಯ ಉಪ್ಪು ಕಡಿಮೆಯಾಗಿ, ಅಲ್ಲಿನ ಚಿಪ್ಪುಮೀನಿನ ಸಂಪತ್ತು ಕ್ಷೀಣಿಸಿದ ಸಂಗತಿ ನಮಗೆ ತಿಳಿದಿರಲಿಲ್ಲ. ಅಣೆಕಟ್ಟಿಲ್ಲದ ಅಘನಾಶಿನಿಯೊಡನೆ ಹೋಲಿಸಿ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ ಮೇಲೆಯೇ ಅದು ಸ್ಪಷ್ಟವಾದದ್ದು. ನಮ್ಮ ಮನೆಯ ದೀಪಕ್ಕೂ ಅವರ ಬುಟ್ಟಿಗೂ ಇರುವ ಸಂಬಂಧವನ್ನು ತೋರಿಸಿದ್ದು ಅಂಕಿಗಳು.

ಈಗ ಪ್ರವಾಸದ ಮಾತಿಗೆ ಬರುತ್ತೇನೆ. ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಬಂದು, ಮೀನುಗಾರರು ಅದನ್ನು ವಿರೋಧಿಸಿದ ಕಾಲದಲ್ಲಿ, ಆ ತೀರದಲ್ಲಿ ಆಮೆಗಳು ಮೊಟ್ಟೆಯಿಡುತ್ತವೆಯೋ ಇಲ್ಲವೋ ಎಂಬುದೇ ವಿವಾದದ ವಿಷಯವಾಯಿತು. ಕಡಲಾಮೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿರುವ ಜೀವಿಯಾದ್ದರಿಂದ ಈ ಪ್ರಶ್ನೆಗೆ ತೂಕವಿತ್ತು. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: "ಸರ್, ಆ ಮೊಟ್ಟೆ ನನ್ನ ಅಂಗೈಯಲ್ಲಿತ್ತು. ಅದು ಯಾವ ವರ್ಷ? ಯಾವ ಜಾಗ? ಬರೆದಿಟ್ಟಿದ್ದೀರಾ?"

ಟ್ರಂಕಿನಲ್ಲಿದ್ದ ಹಳೆಯ ಡೈರಿಗಳನ್ನೆಲ್ಲ ತೆಗೆದೆ. ಬಸ್ಸಿನ ಬಾಡಿಗೆ ಇತ್ತು. ಅವಲಕ್ಕಿ, ಬೆಲ್ಲದ ಖರ್ಚಿತ್ತು. ಯಾವ ಸಾಲಿನ ಲೆಕ್ಕವೆಂಬುದೇ ಆ ಹಾಳೆಯಲ್ಲಿರಲಿಲ್ಲ. ಆಮೆಯ ಹೆಸರಂತೂ ಎಲ್ಲಿಯೂ ಇರಲಿಲ್ಲ. ನಲವತ್ತು ಮಕ್ಕಳು ಕಣ್ಣಾರೆ ಕಂಡ ಸತ್ಯವು ತಾರೀಖಿಲ್ಲದ ಕಾರಣ ಬರಿಯ ನೆನಪಾಗಿ ಉಳಿಯಿತು. ನೆನಪನ್ನು ಯಾರು ಬೇಕಾದರೂ ಅಲ್ಲಗಳೆಯಬಹುದು. "ಗೊತ್ತಿಲ್ಲಪ್ಪ" ಎಂದು ಆ ಹುಡುಗನಿಗೆ ಹೇಳುವಾಗ, ಮೂವತ್ತು ವರ್ಷಗಳ ಕಾಲ ಕರಿಹಲಗೆಯ ಮೂಲೆಯಲ್ಲಿ ದಿನವೂ ದಿನಾಂಕ ಬರೆಸಿದ ನನಗೆ ನಾಚಿಕೆಯಾಯಿತು.

ಆಗುಂಬೆಯ ಮಳೆಯನ್ನು ಲೋಕ ಏಕೆ ನಂಬುತ್ತದೆ? ಬೆಳಗಿನ ಎಂಟೂವರೆಗೆ ಯಾರೋ ಒಬ್ಬರು ಮಾಪಕದ ನೀರನ್ನು ಅಳೆದು ಬರೆಯುತ್ತಾ ಬಂದಿದ್ದಾರೆ, ಅದಕ್ಕೆ. ಕಡಲಿಗೂ ಕಾಡಿಗೂ ಅದೇ ನ್ಯಾಯ. ಆದ್ದರಿಂದ ನನ್ನದೊಂದು ಕೋರಿಕೆ. ನೀವು ಹೊನ್ನಾವರಕ್ಕೆ ಹೋದರೆ, ಕುಂದಾಪುರಕ್ಕೆ ಹೋದರೆ, ನಿಮ್ಮದೇ ಹಳ್ಳದ ಬದಿಯಲ್ಲಿ ನೀರುನಾಯಿಯನ್ನೋ ಹೊಸ ಮೀನನ್ನೋ ಕಂಡರೆ, ದಿನಾಂಕ, ಸ್ಥಳ, ಸಂಖ್ಯೆ ಈ ಮೂರನ್ನು ಬರೆದಿಡಿ. ಆಮೆಯ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಮತ್ತು ಆ ಪ್ರವಾಸಕ್ಕೆ ಬಂದಿದ್ದವರಲ್ಲಿ ಯಾರ ಮನೆಯಲ್ಲಾದರೂ ಅಂದಿನ ಒಂದು ಭಾವಚಿತ್ರ, ಒಂದು ಪತ್ರ ಉಳಿದಿದ್ದರೆ, ಅದರ ಹಿಂಬದಿಯಲ್ಲಿ ಇಸವಿಯೇನಾದರೂ ಇದೆಯೇ ನೋಡಿ ನನಗೆ ತಿಳಿಸಿ. ಡೈರಿಯ ಆ ಹಾಳೆಯನ್ನು ಖಾಲಿ ಬಿಟ್ಟಿದ್ದೇನೆ.