ಬ್ರುಸೆಲ್ಲಾ ಬೆನ್ನುಮೂಳೆ ಸೋಂಕು: ಶಸ್ತ್ರಚಿಕಿತ್ಸೆ

ದನ, ಎಮ್ಮೆ, ಕುರಿ, ಮೇಕೆಗಳಲ್ಲಿ ಗರ್ಭಪಾತ ಉಂಟುಮಾಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಮನುಷ್ಯರ ಬೆನ್ನುಮೂಳೆಗೆ ತಗಲಿದಾಗ ಮಾಡುವ ಚಿಕಿತ್ಸೆ. ಈ ಬ್ಯಾಕ್ಟೀರಿಯಾವನ್ನು 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾದಲ್ಲಿ ಪತ್ತೆಹಚ್ಚಿದರು. ಇದರಿಂದ ಜಾನುವಾರುಗಳಿಗೆ ಬರುವ ರೋಗವನ್ನು ರೈತರು ಕಂದು ರೋಗ ಎನ್ನುತ್ತಾರೆ.

ಹರಡುವಿಕೆ: ತುಮಕೂರು, ಗುಬ್ಬಿ, ಕುಣಿಗಲ್‌ನಂತಹ ಹೈನುಗಾರಿಕೆ ಮತ್ತು ಕುರಿ ಸಾಕಣೆಯ ಸೀಮೆಗಳಲ್ಲಿ ಈ ರೋಗದ ಅರಿವು ಮುಖ್ಯ. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಮಾಸವನ್ನು ಬರಿಗೈಯಲ್ಲಿ ಎಳೆಯುವುದು, ಕಾಯಿಸದ ಹಾಲು ಕುಡಿಯುವುದು ಸೋಂಕಿನ ಪ್ರಮುಖ ದಾರಿಗಳು.

ರೋಗನಿರ್ಣಯ: ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟನೋವು ಲಕ್ಷಣಗಳು. ಸೊಂಟದ ಭಾಗದ ಮೂಳೆಗಳೇ ಹೆಚ್ಚಾಗಿ ಬಾಧಿತ. ಕ್ಷಯವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯುಂಟು. ರಿಫಾಂಪಿಸಿನ್ ಎರಡೂ ರೋಗಗಳಿಗೆ ಬಳಕೆಯಾಗುವುದರಿಂದ ಅರೆಬರೆ ಗುಣವೂ ದಾರಿ ತಪ್ಪಿಸಬಹುದು. ರಕ್ತಪರೀಕ್ಷೆ, ಎಂಆರ್‌ಐ, ಅಗತ್ಯವಿದ್ದರೆ ಬಯಾಪ್ಸಿ ಮಾಡಲಾಗುತ್ತದೆ.

ಚಿಕಿತ್ಸೆ: ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್ ಮೊದಲ ಆಯ್ಕೆ, ಬೆನ್ನುಮೂಳೆ ಸೋಂಕಿಗೆ ಔಷಧಿಯನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುತ್ತಾರೆ. ಬಹುಪಾಲು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕೀವುಗಡ್ಡೆ ನರಗಳನ್ನು ಒತ್ತಿ ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನುಮೂಳೆ ಸ್ಥಿರತೆ ಕಳೆದುಕೊಂಡರೆ ಅಥವಾ ಔಷಧಿ ಫಲಿಸದಿದ್ದರೆ ಶಸ್ತ್ರಚಿಕಿತ್ಸೆ ಅಗತ್ಯ. ಆಗ ಕೀವು ಹಾಗೂ ಸತ್ತ ಅಂಗಾಂಶ ತೆಗೆದು, ನರಗಳ ಮೇಲಿನ ಒತ್ತಡ ಇಳಿಸಿ, ಮೂಳೆ ಕಸಿ ಮಾಡಿ, ಸ್ಕ್ರೂ ಮತ್ತು ಸರಳುಗಳಿಂದ ಬಿಗಿಯಲಾಗುತ್ತದೆ. ಬಳಿಕವೂ ಔಷಧಿ ಮುಂದುವರಿಯಬೇಕು.

ತಡೆ: 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ, ಜಾನುವಾರುಗಳ ಹೆರಿಗೆ ಮಾಡಿಸುವಾಗ ಕೈಗವಸು, ಕಾಯಿಸಿದ ಹಾಲು.