ಪರ್ಯಾಯಪ್ರವಾಹದ ಪೂರ್ವಕಥೆ

ಅಯಸ್ಕಾಂತವು ಭಾರತೀಯ ಶಾಸ್ತ್ರಕಾರರಿಗೆ ಅಪರಿಚಿತವಾದ ವಸ್ತುವಲ್ಲ. ಪುರುಷನ ಸನ್ನಿಧಿಮಾತ್ರದಿಂದಲೇ ಪ್ರಕೃತಿಯು ಪ್ರವರ್ತಿಸುವುದೆಂಬುದಕ್ಕೆ ಸಾಂಖ್ಯರು ಕೊಟ್ಟ ದೃಷ್ಟಾಂತವು ಅಯಸ್ಕಾಂತ ಮತ್ತು ಕಬ್ಬಿಣಗಳದ್ದೇ. ಆದರೆ ಅಯಸ್ಕಾಂತದಿಂದ ವಿದ್ಯುತ್ತನ್ನು ಪಡೆಯಬೇಕಾದರೆ ಸನ್ನಿಧಿಮಾತ್ರವು ಸಾಲದು, ಚಲನೆಯೂ ಬೇಕೆಂಬುದು ಗೊತ್ತಾದದ್ದು 1831ರಲ್ಲಿ.

ಅದನ್ನು ಕಂಡವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಮೈಕೇಲ್ ಫ್ಯಾರಡೆ. ಕಮ್ಮಾರನ ಮಗ, ಬಾಲ್ಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತವನು. ಆ ವರ್ಷದ ಅಕ್ಟೋಬರ್ 17ರಂದು ಆತನು ತಾಮ್ರದ ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ದಂಡವೊಂದನ್ನು ಥಟ್ಟನೆ ತೂರಿಸಲು, ಸುರುಳಿಗೆ ಸೇರಿಸಿದ್ದ ಮಾಪಕದ ಮುಳ್ಳು ಒಂದು ಕಡೆಗೆ ಹೊರಳಿತು. ಹೊರಕ್ಕೆಳೆಯಲು ಎದುರುಕಡೆಗೆ ಹೊರಳಿತು. ಒಳಗೇ ಸುಮ್ಮನಿರಿಸಿದರೆ ಮಿಸುಕಲಿಲ್ಲ. ಸುರುಳಿಯನ್ನು ಹಾಯುವ ಕಾಂತಬಲವು ಹೆಚ್ಚುತ್ತಲೋ ಕುಗ್ಗುತ್ತಲೋ ಇರುವಷ್ಟು ಹೊತ್ತು ಮಾತ್ರವೇ ತಂತಿಯಲ್ಲಿ ಪ್ರವಾಹವುಂಟು.

ಮರುವರ್ಷವೇ ಪ್ಯಾರಿಸ್ಸಿನ ಹಿಪೊಲಿಟ್ ಪಿಕ್ಸಿ ಎಂಬಾತನು ಲಾಳದಾಕಾರದ ಅಯಸ್ಕಾಂತವನ್ನು ಸುರುಳಿಗಳ ಸಮೀಪದಲ್ಲಿ ಕೈಯಿಂದ ತಿರುಗಿಸುವ ಯಂತ್ರವನ್ನು ನಿರ್ಮಿಸಿದನು. ಉತ್ತರಧ್ರುವವೂ ದಕ್ಷಿಣಧ್ರುವವೂ ಪರ್ಯಾಯವಾಗಿ ಸುರುಳಿಯ ಮುಂದೆ ಹಾಯುತ್ತಿದ್ದುದರಿಂದ ಪ್ರವಾಹವೂ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಹರಿಯಿತು. ಬ್ಯಾಟರಿಯ ಏಕಮುಖಪ್ರವಾಹವನ್ನೇ ಬಲ್ಲ ಅಂದಿನವರಿಗೆ ಇದು ದೋಷವಾಗಿ ತೋರಿತು. ಆಂಪೇರನ ಸೂಚನೆಯಂತೆ ದಿಕ್ಕು ಬದಲಿಸುವ ಸಾಧನವೊಂದನ್ನು ಜೋಡಿಸಿ ಪ್ರವಾಹವನ್ನು ಒಂದೇ ಕಡೆಗೆ ಹರಿಯಿಸಲಾಯಿತು. ಯಂತ್ರದ ಸಹಜಧರ್ಮವನ್ನೇ ರೋಗವೆಂದೆಣಿಸಿ, ಬಹುಮಟ್ಟಿಗೆ ಅರ್ಧ ಶತಮಾನದ ಕಾಲ ಚಿಕಿತ್ಸೆ ನಡೆಯಿತಷ್ಟೆ!

ವಿದ್ಯುತ್ತನ್ನು ದೂರಕ್ಕೆ ಒಯ್ಯಬೇಕಾದಾಗ ಈ ರೋಗವೇ ಔಷಧವಾಯಿತು. ತಂತಿಯಲ್ಲಿ ಹರಿಯುವ ಪ್ರವಾಹವು ಇಮ್ಮಡಿಯಾದರೆ ಶಾಖವಾಗಿ ವ್ಯರ್ಥವಾಗುವ ಶಕ್ತಿಯು ನಾಲ್ಮಡಿಯಾಗುವುದು. ಆದುದರಿಂದ ಒತ್ತಡವನ್ನೇರಿಸಿ ಪ್ರವಾಹವನ್ನು ಕುಗ್ಗಿಸಿ ಕಳುಹಿಸಬೇಕು. ಊರನ್ನು ಮುಟ್ಟಿದ ಮೇಲೆ ಒತ್ತಡವನ್ನು ಇಳಿಸಬೇಕು. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಎಂಜಿನಿಯರುಗಳು ಸಿದ್ಧಪಡಿಸಿದ ಟ್ರಾನ್ಸ್‌ಫಾರ್ಮರು ಈ ಕೆಲಸವನ್ನು ಮಾಡಬಲ್ಲುದಾಗಿತ್ತು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಚಲನೆಯ ಸ್ಥಾನದಲ್ಲಿ ಪ್ರವಾಹವೇ ಸದಾ ಬದಲಾಗುತ್ತಿರಬೇಕು. ಏಕಮುಖಪ್ರವಾಹದ ಮುಂದೆ ಅದು ಬರಿಯ ಕಬ್ಬಿಣ ಮತ್ತು ತಾಮ್ರ. 1891ರಲ್ಲಿ ಜರ್ಮನಿಯ ಲೌಫೆನ್ನಿನಿಂದ ಫ್ರಾಂಕ್‌ಫರ್ಟಿಗೆ, ಸುಮಾರು 175 ಕಿಲೋಮೀಟರು ದೂರ, ಪರ್ಯಾಯಪ್ರವಾಹವು ಹರಿಯಲು ವಾದವು ತಣ್ಣಗಾಯಿತು.

ಅಲ್ಲಿಂದ 11 ವರ್ಷಗಳಲ್ಲಿ ಮೈಸೂರು ಸೀಮೆಯೂ ಈ ಕಥೆಯೊಳಗೆ ಸೇರಿತು. 1902ರ ಜೂನ್‌ನಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 92 ಮೈಲಿ ದೂರ, ಸೆಕೆಂಡಿಗೆ 25 ಆವರ್ತಗಳ ಪರ್ಯಾಯಪ್ರವಾಹವು ಹರಿಯತೊಡಗಿತು. ಯೋಜನೆಯನ್ನು ಕೈಗೆತ್ತಿಕೊಂಡ ದಿವಾನ್ ಶೇಷಾದ್ರಿ ಅಯ್ಯರವರು ಅದಕ್ಕೆ ಹಿಂದಿನ ವರ್ಷವೇ ದಿವಂಗತರಾಗಿದ್ದರು.